ಇಳಿಯಬಾರದ ನಡುಗಡ್ಡೆ

ಬೇಸಗೆಯ ರಜೆ ಹತ್ತಿರ ಬಂದಿತೆಂದರೆ ಹೊರನಾಡಿನಲ್ಲಿರುವ ನಮ್ಮ ಮನೆಗಳಲ್ಲೆಲ್ಲ ಒಂದು ಸಣ್ಣ ಸಭೆ ಕೂಡುವುದುಂಟು. ಅಧ್ಯಕ್ಷ ಸ್ಥಾನ ಮನೆಯಾಕೆಯದು, ಖಜಾನೆ ಯಜಮಾನರದು, ಗದ್ದಲ ಮಕ್ಕಳದು. ಊರಿಗೆ ಹೋಗುವುದು ನಿಶ್ಚಯವಾದ ಮಾತು. ಊರಿನಿಂದ ಮುಂದೆ ಎಲ್ಲಿಗೆ ಎಂಬುದೇ ಚರ್ಚೆ. ಅಜ್ಜಿಗೆ ದೇವರ ದರ್ಶನವಾಗಬೇಕು. ಮಕ್ಕಳಿಗೆ ನೀರು, ಕಾಡು, ಪ್ರಾಣಿ ಬೇಕು. ಯಜಮಾನರಿಗೆ ಖರ್ಚು ಮಿತಿಯಲ್ಲಿರಬೇಕು. ಈಚೆಗಂತೂ 'ಯಾವುದಾದರೂ ದ್ವೀಪಕ್ಕೆ ಹೋಗೋಣ' ಎಂಬ ಹೊಸ ರಾಗವೊಂದು ಕೇಳಿಬರುತ್ತಿದೆ. ಅಂಡಮಾನ್, ಲಕ್ಷದ್ವೀಪ ಎಂದು ಮಕ್ಕಳು ಫೋನಿನಲ್ಲಿ ಚಿತ್ರ ತೋರಿಸುತ್ತಾರೆ. ಯಜಮಾನರು ಚಿತ್ರವನ್ನು ನೋಡದೆ ವಿಮಾನದ ದರವನ್ನು ನೋಡುತ್ತಾರೆ.

ವಾಚಕ ಬಂಧುಗಳೇ, ಈ ಎಲ್ಲ ಬೇಡಿಕೆಗಳನ್ನೂ ಒಂದೇ ದಿನದಲ್ಲಿ ತೀರಿಸುವ ಸ್ಥಳವೊಂದು ನಮ್ಮ ನಾಡಿನ ನಡುವೆಯೇ ಇದೆ. ಅದು ಕಾವೇರಿಯ ರಂಗನತಿಟ್ಟು. ಮೈಸೂರಿನಿಂದ ಒಂದು ಗಂಟೆಯೊಳಗಿನ ದಾರಿ. ಶ್ರೀರಂಗಪಟ್ಟಣಕ್ಕಂತೂ ತೀರ ಸಮೀಪ. ಮಂಡ್ಯ ಜಿಲ್ಲೆಗೆ ಸೇರಿದ ಈ ಪುಟ್ಟ ಪುಟ್ಟ ನಡುಗಡ್ಡೆಗಳನ್ನು ಜನರು 'ಪಕ್ಷಿಕಾಶಿ' ಎಂದು ಕರೆಯುತ್ತಾರೆ. ಆದರೆ ಹೊರಡುವ ಮೊದಲೇ ಒಂದು ಷರತ್ತನ್ನು ಹೇಳಿಬಿಡಬೇಕು. ಈ ದ್ವೀಪಗಳನ್ನು ಸುತ್ತಬಹುದು, ಕಣ್ತುಂಬ ನೋಡಬಹುದು, ಹತ್ತಿರದಿಂದಲೇ ನೋಡಬಹುದು. ಆದರೆ ಅವುಗಳ ಮೇಲೆ ಕಾಲಿಡುವಂತಿಲ್ಲ. 'ಹಾಗಾದರೆ ಹೋಗಿ ಏನು ಪ್ರಯೋಜನ?' ಎನ್ನುವಿರಾ? ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿಯೇ ಈ ಸಂಚಿಕೆಯ ಬರಹ.

ಮೊದಲು ಹೆಸರಿನ ವಿಚಾರ. ತಿಟ್ಟು ಎಂದರೆ ಎತ್ತರವಾಗಿ ಎದ್ದ ನೆಲ, ದಿಬ್ಬ. ನೀರಿನ ನಡುವೆ ತಲೆಯೆತ್ತಿದ ದಿಬ್ಬವೂ ತಿಟ್ಟೇ. ಇನ್ನು ರಂಗನೆಂದರೆ ಕಾವೇರಿಯ ದಂಡೆಯವರಿಗೆ ಬೇರೆ ಯಾರು? ಶ್ರೀರಂಗನಾಥನೇ. ಈ ನದಿಗೂ ದ್ವೀಪಕ್ಕೂ ರಂಗನಾಥನಿಗೂ ಹಳೆಯ ನಂಟು. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ಶ್ರೀರಂಗದ ಅಂತ್ಯರಂಗ, ಈ ಮೂರೂ ಕ್ಷೇತ್ರಗಳು ಕಾವೇರಿಯ ನಡುಗಡ್ಡೆಗಳೇ. ಚೆನ್ನೈಯಲ್ಲಿರುವ ನಮ್ಮ ಬಂಧುಗಳು ಅಂತ್ಯರಂಗನನ್ನು ಎಷ್ಟೋ ಬಾರಿ ನೋಡಿಬಂದಿರಬಹುದು. ಆದಿರಂಗನ ಪಕ್ಕದಲ್ಲಿಯೇ ಇರುವ ಈ ಹಕ್ಕಿಗಳ ರಂಗವನ್ನು ನೋಡಿದವರು ಕಡಿಮೆ.

ಈ ತಿಟ್ಟುಗಳು ಹುಟ್ಟಿದ ಬಗೆ ವಿಚಿತ್ರವಾದುದು. ಸೃಷ್ಟಿಕರ್ತನ ಜೊತೆಗೆ ಒಬ್ಬ ಅರಸರ ಕೈಯೂ ಇದರಲ್ಲಿದೆ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಇಲ್ಲಿ ಹೊಳೆಗೆ ಅಡ್ಡಲಾಗಿ ಒಂದು ಕಟ್ಟೆಯನ್ನು ಕಟ್ಟಿಸಿದರು. ಕಟ್ಟೆಯ ಬಳಿ ನೀರು ನಿಂತು ಹರಡಿತು. ಎತ್ತರದ ನೆಲವಷ್ಟೇ ತಿಟ್ಟುಗಳಾಗಿ ಉಳಿಯಿತು. ಅವುಗಳ ಮೇಲೆ ಹೊಳೆಮತ್ತಿ, ಹೊಂಗೆ, ಬಿದಿರು, ಈಚಲು, ಕೇದಿಗೆ ದಟ್ಟವಾಗಿ ಬೆಳೆದವು. ಸುತ್ತಲೂ ನೀರಿದ್ದುದರಿಂದ ಸೌದೆ ಕಡಿಯುವವರು ಬರಲಿಲ್ಲ, ನಾಯಿ ನರಿಗಳು ಬರಲಿಲ್ಲ. ಹಕ್ಕಿಗಳು ಬಂದವು. ಅರಸರು ಕಟ್ಟಿಸಿದ್ದು ಮನುಷ್ಯರ ನೀರಿಗಾಗಿ; ಅದರ ಚಿಲ್ಲರೆ ಲಾಭ ಹಕ್ಕಿಗಳ ಪಾಲಿಗೆ ಬಂದಿತು. ಚಿಲ್ಲರೆಯೆಂದರೂ ಅದು ಮುನ್ನೂರೆಪ್ಪತ್ತು ವರ್ಷಗಳಿಂದ ಕರಗದೆ ಉಳಿದ ಗಂಟು!

ಆ ಗಂಟಿನ ಬೆಲೆಯನ್ನು ಕಂಡು ಹೇಳಿದವರು ಮುಂಬಯಿಯವರೊಬ್ಬರು. ಪಕ್ಷಿಶಾಸ್ತ್ರಜ್ಞ ಡಾಕ್ಟರ್ ಸಾಲಿಂ ಅಲಿ (1896-1987) ಅವರ ಹೆಸರನ್ನು ಮುಂಬಯಿಯ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗಾಗಿ ಊರೂರು ಸುತ್ತುತ್ತಿದ್ದ ಅವರು ಈ ತಿಟ್ಟುಗಳನ್ನು ನೋಡಿ, ಇವು ಹಕ್ಕಿಗಳು ಗೂಡು ಕಟ್ಟುವ ಮುಖ್ಯ ನೆಲೆಯೆಂದು ಗುರುತಿಸಿದರು. ಇದನ್ನು ಕಾಪಾಡಬೇಕೆಂದು ಅಂದಿನ ಅರಸರ ಮನವೊಲಿಸಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. ಆಗ ಬೇಲಿ ಹಾಕುವ ಅಗತ್ಯವೇ ಬೀಳಲಿಲ್ಲ, ಹೊಳೆಯೇ ಬೇಲಿ.

ನಾವು ಹೋದದ್ದು ಒಂದು ಏಪ್ರಿಲ್ ತಿಂಗಳಿನ ಬೆಳಿಗ್ಗೆ. ತಂಗಿಯ ಮನೆಯವರು, ಅವರ ಇಬ್ಬರು ಮಕ್ಕಳು, ಮಕ್ಕಳ ಅಜ್ಜಿ, ಎಲ್ಲರೂ ಶ್ರೀರಂಗನಾಥನ ದರ್ಶನ ಮುಗಿಸಿಕೊಂಡು ಬಂದವರು. ಅಜ್ಜಿಯ ಕೈಯಲ್ಲಿ ಇನ್ನೂ ತುಳಸಿಯಿತ್ತು. ಅರಣ್ಯ ಇಲಾಖೆಯ ದೋಣಿಗಳು ಕಾದಿದ್ದವು. ಇವು ಹುಟ್ಟು ಹಾಕಿ ನಡೆಸುವ ದೋಣಿಗಳು, ಯಂತ್ರದ ಸದ್ದಿಲ್ಲ. ಅಂಬಿಗರೇ ಮಾರ್ಗದರ್ಶಕರು. ದೋಣಿ ದಡ ಬಿಟ್ಟು ಐದು ನಿಮಿಷವಾಗಿರಲಿಲ್ಲ, ಮಕ್ಕಳ ಬಾಯಿ ತಾನಾಗಿ ಮುಚ್ಚಿತು. ಮರಗಳಿಗೆ ಎಲೆಯಿತ್ತೋ ಇಲ್ಲವೋ ಹೇಳುವುದು ಕಷ್ಟ, ಹಕ್ಕಿಗಳಂತೂ ಇದ್ದವು. ಕೊಂಬೆಕೊಂಬೆಗೂ ಗೂಡು, ಗೂಡುಗೂಡಿಗೂ ಮರಿ, ಮರಿಮರಿಗೂ ಹಸಿವು!

ಮುಂಬಯಿಯ ಚಾಳಿನಲ್ಲಿ ಬೆಳೆದವರಿಗೆ ಈ ನೋಟ ಹೊಸದೆನಿಸದು. ಇಂಥ ಗೂಡುಮರಗಳಲ್ಲಿ ಸಾಮಾನ್ಯವಾಗಿ ದೊಡ್ಡ ಹಕ್ಕಿಗಳು ಮೇಲಿನ ಅಂತಸ್ತಿನಲ್ಲಿ, ಸಣ್ಣವು ಕೆಳಗಿನ ಅಂತಸ್ತಿನಲ್ಲಿ ಸಂಸಾರ ಹೂಡುತ್ತವೆ. ಗೋಡೆಯಿಲ್ಲ, ಬಾಗಿಲಿಲ್ಲ, ಎಲ್ಲರ ಮಾತೂ ಎಲ್ಲರಿಗೂ ಕೇಳುತ್ತದೆ. ನೆರೆಯವರು ಅತ್ತ ತಿರುಗಿದಾಗ ಅವರ ಗೂಡಿನ ಕಡ್ಡಿಯನ್ನು ಮೆಲ್ಲನೆ ಎಳೆದುಕೊಳ್ಳುವ ಜಾಣರೂ ಇದ್ದಾರೆ. ಇರುಳುಬಕವೆಂಬ ಹಕ್ಕಿಯದು ರಾತ್ರಿ ಪಾಳಿ. ಸಂಜೆ ಬೆಳ್ಳಕ್ಕಿಗಳು ಮನೆಗೆ ಮರಳುವ ಹೊತ್ತಿಗೆ ಇದು ಕೆಲಸಕ್ಕೆ ಹೊರಡುತ್ತದೆ.

ಒಂದೊಂದು ಹಕ್ಕಿಯ ಕೊಕ್ಕೂ ಒಂದೊಂದು ಉಪಕರಣ. ಚಮಚಕೊಕ್ಕಿನ ಹಕ್ಕಿಯದು ಚಪ್ಪಟೆಯಾದ ಸೌಟು. ಅದನ್ನು ನೀರಿನಲ್ಲಿ ಅತ್ತಿತ್ತ ಆಡಿಸುತ್ತ ನಡೆಯುವಾಗ ಅಡಿಗೆಯವರು ಹುಳಿ ಕದಡುತ್ತಿದ್ದಾರೆಂದೇ ತೋರುತ್ತದೆ. ಹೆಜ್ಜಾರ್ಲೆಗೆ ಕೊಕ್ಕಿನ ಕೆಳಗೊಂದು ಚೀಲ. ಮೀನನ್ನು ನೀರಿನ ಸಮೇತ ಮೊಗೆದು, ನೀರನ್ನು ಸೋಸಿ ಹೊರಗೆ ಬಿಟ್ಟು, ಮೀನನ್ನು ನುಂಗುತ್ತದೆ. ಹಾವಕ್ಕಿ ಮೈಯನ್ನು ನೀರಿನಲ್ಲಿ ಮುಳುಗಿಸಿ ಉದ್ದನೆಯ ಕತ್ತನ್ನು ಮಾತ್ರ ಹೊರಗಿಟ್ಟು ಈಜಿದರೆ ಹಾವೆಂದೇ ಭ್ರಮೆ. ಅದರ ಗರಿಗಳು ನೀರಿನಲ್ಲಿ ನೆನೆಯುತ್ತವೆ. ಆದುದರಿಂದ ಮಿಂದು ಬಂದು ಬಂಡೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ವಿಚಿತ್ರವಾದುದು ಬಾಯ್ಕಳಕ ಕೊಕ್ಕರೆ. ಅದರ ಕೊಕ್ಕಿನ ಎರಡು ಭಾಗಗಳು ತುದಿಯಲ್ಲಿ ಕೂಡುತ್ತವೆ, ನಡುವೆ ಕೂಡುವುದಿಲ್ಲ. ಅಡಕತ್ತರಿಯಂತೆ ಒಂದು ಸಂದಿ ಉಳಿಯುತ್ತದೆ. ಮರಿಯಾಗಿದ್ದಾಗ ಈ ಸಂದಿ ಇರುವುದಿಲ್ಲ, ಬೆಳೆದ ಮೇಲೆ ಬರುತ್ತದೆ. ಇದರ ಮುಖ್ಯ ಆಹಾರ ಬಸವನಹುಳು. ಚಿಪ್ಪಿನ ಒಳಗೆ ಅಡಗಿದ ಹುಳುವನ್ನು ಹೊರಗೆಳೆಯುವುದರಲ್ಲಿ ಇದರ ಕೈಚಳಕ, ಅಲ್ಲ, ಕೊಕ್ಕಿನ ಚಳಕ ಅಸಾಧಾರಣ. ಗದ್ದೆಯ ಬಸವನಹುಳುವನ್ನು ತಿನ್ನುವುದರಿಂದ ರೈತರಿಗೂ ಇದು ಬೇಕಾದ ನೆಂಟ.

ಬಣ್ಣದ ಕೊಕ್ಕರೆಯ ಚೆಲುವನ್ನು ಹೇಳದೆ ಮುಂದೆ ಹೋಗಲಾಗದು. ಬಿಳಿಯ ಮೈ, ಹಳದಿ ಕೊಕ್ಕು, ಬೆನ್ನ ಹಿಂದೆ ಗುಲಾಬಿ ಬಣ್ಣದ ಗರಿಗಳ ಸೆರಗು. 'ಇವು ಸೈಬೀರಿಯದಿಂದ ಬರುತ್ತವಂತೆ' ಎಂದು ದೋಣಿಯಲ್ಲಿ ಯಾರೋ ಒಬ್ಬರು ಗಂಭೀರವಾಗಿ ಹೇಳಿದರು. ಹಾಗಲ್ಲ, ಇದು ಅಪ್ಪಟ ನಮ್ಮ ಹಕ್ಕಿ. ಭಾರತ ಮತ್ತು ನೆರೆಯ ದೇಶಗಳೇ ಇದರ ತೌರು. ನೀರು ಮೀನು ಇರುವ ಕಡೆ ಊರಿಂದೂರಿಗೆ ತಿರುಗಾಡುತ್ತದೆ, ಹೆರಿಗೆಗೆ ಮಾತ್ರ ನಂಬಿಕೆಯ ಮರಕ್ಕೆ ಮರಳುತ್ತದೆ. ಚಳಿಗಾಲದಲ್ಲಿ ಉತ್ತರದ ನಾಡುಗಳಿಂದ ಬರುವ ವಲಸೆಗಾರರು ಬೇರೆ. ಗೂಡು ಕಟ್ಟುವ ಈ ಮನೆಮಕ್ಕಳು ಬೇರೆ.

ಅಷ್ಟರಲ್ಲಿ ತಂಗಿಯ ಮಗನಿಗೆ ಧೈರ್ಯ ಬಂದಿತು. "ಮಾಮ, ದೋಣಿ ನಿಲ್ಲಿಸಿ ಒಂದು ಸಲ ಇಳಿದು ನೋಡೋಣ. ಐದೇ ನಿಮಿಷ" ಎಂದ. ಅಂಬಿಗರು ಹುಟ್ಟನ್ನು ಎತ್ತಿ ಹಿಡಿದು ನಕ್ಕರು. "ಇಳ್ಯಂಗಿಲ್ಲ ಕಣಪ್ಪ. ಅಲ್ಲಿ ಮರಿಗಳವೆ" ಎಂದಷ್ಟೇ ಹೇಳಿದರು. ಹುಡುಗನಿಗೆ ಸಮಾಧಾನವಾಗಲಿಲ್ಲ. ಆಗ ಅಜ್ಜಿ ಮಾತನಾಡಿದರು: "ಬಾಣಂತಿ ಕೋಣೆಗೆ ಯಾರಾದರೂ ಚಪ್ಪಲಿ ಮೆಟ್ಟಿಕೊಂಡು ನುಗ್ಗುತ್ತಾರೇನೋ? ಹೊಸಲಿನಾಚೆ ನಿಂತು ಮಗುವಿನ ಮುಖ ನೋಡಿ ಬರಬೇಕು." ದೋಣಿಯಲ್ಲಿ ಎಲ್ಲರೂ ನಕ್ಕರು. ಆದರೆ ಅಜ್ಜಿ ಹೇಳಿದುದಕ್ಕಿಂತ ಸರಿಯಾದ ವಿವರಣೆಯನ್ನು ಯಾವ ವಿಜ್ಞಾನಿಯೂ ಕೊಡಲಾರರು.

ಏಕೆಂದರೆ ನಾವು ಐದು ನಿಮಿಷ ಇಳಿದರೆ ನಡೆಯುವುದೇನು? ತಾಯಿ ತಂದೆ ಹಕ್ಕಿಗಳು ಬೆದರಿ ಗೂಡು ಬಿಟ್ಟು ಹಾರುತ್ತವೆ. ಗರಿ ಮೂಡದ ಮರಿಗೆ ಏಪ್ರಿಲ್ ತಿಂಗಳ ಬಿಸಿಲು ಬೆಂಕಿಯೇ ಸರಿ. ಕೊಕ್ಕರೆ ರೆಕ್ಕೆಯನ್ನು ಅರ್ಧ ಬಿಚ್ಚಿ, ಕೊಡೆ ಹಿಡಿದಂತೆ ನಿಂತು, ತನ್ನ ನೆರಳನ್ನು ಮರಿಯ ಮೇಲೆ ಬೀಳಿಸುವುದನ್ನು ನಾವು ಕಣ್ಣಾರೆ ಕಂಡೆವು. ಸೂರ್ಯನು ಸರಿದಂತೆ ತಾನೂ ಸರಿದು ನಿಲ್ಲುತ್ತದೆ. ಆ ಕೊಡೆ ಹಾರಿಹೋದರೆ ಮರಿ ಬೇಯುತ್ತದೆ. ಬಿಸಿಲು ಬಿಟ್ಟರೂ ಕಾಗೆ ಬಿಡದು, ಹದ್ದು ಬಿಡದು. ಕಾವಲಿಲ್ಲದ ಗೂಡಿಗಾಗಿಯೇ ಅವು ಕಾದಿರುತ್ತವೆ. ನಮಗೆ ಐದು ನಿಮಿಷದ ಆಟ. ಅವಕ್ಕೆ ಒಂದು ವರ್ಷದ ಸಂಸಾರ.

ನಾವು ಇಳಿಯದಂತೆ ನೋಡಿಕೊಳ್ಳಲು ಬೇರೊಬ್ಬ ಕಾವಲುಗಾರನೂ ಅಲ್ಲಿದ್ದಾನೆ. ಬಂಡೆಯ ಮೇಲೆ ಬಂಡೆಯಂತೆಯೇ ಮಲಗಿದ್ದ ಅವನನ್ನು ಮೊದಲು ಕಂಡವಳು ತಂಗಿಯ ಮಗಳು. ಮೊಸಳೆ! ಬಾಯಿ ತೆರೆದುಕೊಂಡೇ ಮಲಗಿತ್ತು. ಅದು ನಮ್ಮನ್ನು ಹೆದರಿಸುವುದಕ್ಕಲ್ಲ. ಮೈಯ ಕಾವನ್ನು ಹದಗೊಳಿಸಿಕೊಳ್ಳುವ ಅದರ ಪದ್ಧತಿ ಅದು. ಗೂಡಿನ ಮರದ ಕೆಳಗೆ ಮೊಸಳೆಯೇ ಎಂದು ಮಕ್ಕಳು ಹಕ್ಕಿಗಳಿಗಾಗಿ ಮರುಗಿದರು. ಆದರೆ ಸೃಷ್ಟಿಯ ಲೆಕ್ಕ ಅಷ್ಟು ಸರಳವಲ್ಲ. ಅಮೆರಿಕದ ಫ್ಲಾರಿಡಾ ಪ್ರಾಂತದ ಜೌಗುಗಳಲ್ಲಿ ವಿಜ್ಞಾನಿಗಳು ಇದನ್ನು ಪರಿಶೀಲಿಸಿದ್ದಾರೆ. ಅಲ್ಲಿ ಮೊಸಳೆಯ ಬಂಧುವಾದ ಅಲಿಗೇಟರ್ ಇರುವ ನೀರಿನ ಮೇಲೆ ಕೊಕ್ಕರೆ ಬಕಗಳು ಗೂಡು ಕಟ್ಟಲು ಇಷ್ಟಪಡುತ್ತವೆ. ಏಕೆಂದರೆ ಮೊಟ್ಟೆ ಕದಿಯಲು ಈಜಿ ಬರುವ ಪ್ರಾಣಿಗಳಿಗೆ ಅದರ ಭಯ. ಗೂಡಿನಿಂದ ಜಾರಿ ಬಿದ್ದ ಮರಿ ಮಾತ್ರ ಅದರ ಪಾಲು. ಸಂಬಳವಿಲ್ಲದೆ ಯಾವ ಕಾವಲುಗಾರ ದುಡಿಯುತ್ತಾನೆ, ಹೇಳಿ! ರಂಗನತಿಟ್ಟಿನಲ್ಲಿಯೂ ಮೊಸಳೆ ಮತ್ತು ಕೊಕ್ಕರೆ ಒಂದೇ ವಠಾರದಲ್ಲಿ ಬಾಳುತ್ತಿವೆ. ನೀರುನಾಯಿಗಳೂ ಇವೆ, ಹಗಲೆಲ್ಲ ಮರದಲ್ಲಿ ತಲೆಕೆಳಗಾಗಿ ತೂಗುವ ದೊಡ್ಡ ಬಾವಲಿಗಳ ದಂಡೂ ಇದೆ.

ಹೀಗೆ ಹೇಳಿದರೆ ಎಲ್ಲವೂ ಕ್ಷೇಮವೆಂದು ನೀವು ಭಾವಿಸಬಹುದು. ಇಳಿಯಬಾರದೆಂಬ ನಿಯಮ ಇದೆ, ಹೊಳೆಯ ಬೇಲಿ ಇದೆ, ಮೊಸಳೆಯ ಕಾವಲಿದೆ, ಇನ್ನೇನು ಬೇಕು? ತೊಂದರೆ ಇರುವುದು ಅಲ್ಲಿಯೇ. ಈ ದ್ವೀಪದ ಆಯುಸ್ಸು ದ್ವೀಪದ ಕೈಯಲ್ಲಿಲ್ಲ, ನೀರಿನ ಕೈಯಲ್ಲಿದೆ. ನೀರು ಹೆಚ್ಚಿದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಸ್ವಲ್ಪ ಮೇಲ್ಗಡೆಯಲ್ಲಿಯೇ ಕೃಷ್ಣರಾಜಸಾಗರ. 1911ರಲ್ಲಿ ಅದರ ಕೆಲಸ ಆರಂಭವಾದಾಗ ಮಂಡ್ಯದ ಬಯಲುಸೀಮೆಯ ಹಣೆಬರಹವೇ ಬದಲಾಯಿತು. ಆ ಅಣೆಕಟ್ಟಿನ ಋಣ ನಮ್ಮೆಲ್ಲರ ಮೇಲಿದೆ, ಅದನ್ನು ದೂರುವಂತಿಲ್ಲ. ಆದರೆ ಕೊಡಗಿನಲ್ಲಿ ಮಳೆ ಸುರಿದು ಜಲಾಶಯ ತುಂಬಿದಾಗ ನೀರನ್ನು ಹೊರಬಿಡಲೇಬೇಕು. 2018, 2019 ಮತ್ತು 2024ರ ಮಳೆಗಾಲಗಳಲ್ಲಿ ಹೀಗೆ ಬಿಟ್ಟ ನೀರು ರಂಗನತಿಟ್ಟಿನ ಮೇಲೆ ಏರಿಬಂದಿತು, ದೋಣಿಗಳನ್ನು ನಿಲ್ಲಿಸಬೇಕಾಯಿತು. ಪ್ರವಾಸಿಗಳಿಗೆ ಅದು ಒಂದು ದಿನದ ನಿರಾಶೆ. ತಿಟ್ಟುಗಳಿಗೆ ಹಾಗಲ್ಲ. ರಭಸದ ನೀರು ಅಂಚಿನ ಮಣ್ಣನ್ನು ಕೊಚ್ಚುತ್ತದೆ, ಬೇರು ಹೊರಬೀಳುತ್ತದೆ, ಮರ ವಾಲುತ್ತದೆ. ಒಂದು ಮರ ಬಿದ್ದರೆ ಒಂದು ಚಾಳು ಬಿದ್ದಂತೆ. ಕೊರೆದುಹೋದ ಅಂಚುಗಳಿಗೆ ಅರಣ್ಯ ಇಲಾಖೆಯವರು ಮರಳಿನ ಚೀಲಗಳನ್ನು ಪೇರಿಸಿ ಭದ್ರಪಡಿಸಿದ್ದುಂಟು. ಕಟ್ಟೆ ಕಟ್ಟಿ ದ್ವೀಪಕ್ಕೆ ಜನ್ಮ ಕೊಟ್ಟ ಮನುಷ್ಯನೇ ಈಗ ಚೀಲ ಹೊತ್ತು ಅದನ್ನು ಉಳಿಸಬೇಕಾಗಿದೆ.

ಮಳೆ ಬಾರದ ವರ್ಷದ ಕಷ್ಟ ಬೇರೆ ತರಹದ್ದು. ನೀರು ಇಳಿದರೆ ತಿಟ್ಟಿಗೂ ದಡಕ್ಕೂ ನಡುವಣ ಬೇಲಿ ಕಿರಿದಾಗುತ್ತದೆ. ತೀರ ಬತ್ತಿದರೆ ಬೀದಿನಾಯಿ ಕಾಲು ನೆನೆಸಿಕೊಳ್ಳದೆ ಗೂಡಿನ ಬಳಿ ಹೋಗಬಲ್ಲದು. ಇನ್ನು ನದಿರೀವವೆಂಬ ಚೆಲುವಾದ ಹಕ್ಕಿಯ ಪಾಡನ್ನು ಕೇಳುವುದೇ ಬೇಡ. ಕರಿಯ ಟೋಪಿ, ಹಳದಿ ಕೊಕ್ಕು, ಕತ್ತರಿಯಂಥ ಬಾಲ. ನೀರಿನ ಮೇಲೆ ತೇಲಿ ಬಂದು ಮೀನಿಗೆ ಧುಮುಕುವಾಗ ಗಾಳಿಪಟ ಕಿತ್ತು ಬಿದ್ದಂತೆ ಕಾಣುತ್ತದೆ. ಇದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬೇಸಗೆಯಲ್ಲಿ ನೀರು ಇಳಿದಾಗ ಬಂಡೆಯ ಮೇಲೆ, ಮರಳ ದಿಣ್ಣೆಯ ಮೇಲೆ, ಬರಿ ನೆಲದಲ್ಲಿ ಮೊಟ್ಟೆಯಿಡುತ್ತದೆ. ಆಗ ಹೊಳೆಯಲ್ಲಿ ನೀರು ಹಠಾತ್ತಾಗಿ ಒಂದು ಮೊಳ ಏರಿದರೂ ಸಾಕು, ಇಡೀ ಸಂಸಾರ ನೀರುಪಾಲು. ಲೋಕದಲ್ಲಿ ಅಪಾಯಕ್ಕೆ ಗುರಿಯಾಗಿರುವ ಹಕ್ಕಿಗಳ ಪಟ್ಟಿಯಲ್ಲಿ ಇದು ಸೇರಿರುವುದು ಆಶ್ಚರ್ಯವಲ್ಲ.

ಇನ್ನೊಂದು ಸಂಗತಿಯನ್ನು ನೆನೆಯಬೇಕು. ಹಕ್ಕಿಗಳು ಮಲಗುವುದು ತಿಟ್ಟಿನಲ್ಲಿ; ಊಟ ಮಾಡುವುದು ಎಲ್ಲವೂ ಅಲ್ಲಿ ಅಲ್ಲ. ಬೆಳಗಾದರೆ ಸುತ್ತಲಿನ ಕೆರೆಗಳಿಗೆ, ಕಾಲುವೆಗಳಿಗೆ, ಭತ್ತದ ಗದ್ದೆಗಳಿಗೆ ಹಾರುತ್ತವೆ. ಕೆರೆ ಹೂಳಿನಿಂದ ಮುಚ್ಚಿದರೆ, ಗದ್ದೆಗೆ ವಿಷದ ಔಷಧ ಹೆಚ್ಚಾದರೆ, ಹೊಳೆಗೆ ಊರಿನ ಕೊಳೆ ಸೇರಿದರೆ, ದ್ವೀಪದ ಮೇಲೆ ಯಾರೂ ಕಾಲಿಡದಿದ್ದರೂ ಮರಿಗಳಿಗೆ ತುತ್ತು ಇರುವುದಿಲ್ಲ. ಅಡಿಗೆಮನೆಯನ್ನು ಕೆಡವಿ ಮಲಗುವ ಕೋಣೆಗೆ ಬೀಗ ಹಾಕಿದರೆ ಮನೆ ಉಳಿದಂತಾಯಿತೇ? ಅದೇ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ನಡುಗಡ್ಡೆಯೇ ಇಲ್ಲ. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಹುಣಸೆ ಮರಗಳಲ್ಲಿ, ಮನೆಯ ಹೆಂಚಿನ ಪಕ್ಕದಲ್ಲಿ ಗೂಡು ಕಟ್ಟುತ್ತವೆ. ಅಲ್ಲಿ ಬೇಲಿಯಾಗಿರುವುದು ನೀರಲ್ಲ, ಊರ ಜನರ ಪ್ರೀತಿ. ಎರಡನ್ನೂ ನೋಡಿದವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ: ಹಕ್ಕಿಗೆ ಬೇಕಾದದ್ದು ದ್ವೀಪವಲ್ಲ, ನೆಮ್ಮದಿ. ಹೊಳೆ ಕೊಟ್ಟರೂ ಸರಿ, ಮನುಷ್ಯ ಕೊಟ್ಟರೂ ಸರಿ.

ಈ ನೆಮ್ಮದಿಗೆ ಈಗ ಲೋಕದ ಮನ್ನಣೆಯೂ ದೊರಕಿದೆ. ಇರಾನ್ ದೇಶದ ರಾಮ್ಸಾರ್ ಎಂಬ ಊರಿನಲ್ಲಿ 1971ರಲ್ಲಿ ಹಲವು ರಾಷ್ಟ್ರಗಳು ಕೂಡಿ, ಕೆರೆ ಜೌಗು ಹಿನ್ನೀರುಗಳಂಥ ನೆಲೆಗಳನ್ನು ಕಾಪಾಡಲು ಒಂದು ಒಪ್ಪಂದ ಮಾಡಿಕೊಂಡವು. ಆ ಪಟ್ಟಿಗೆ 2022ರಲ್ಲಿ ರಂಗನತಿಟ್ಟು ಸೇರಿತು; ಕರ್ನಾಟಕದಿಂದ ಸೇರಿದ ಮೊದಲ ನೆಲೆ ಇದೇ. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿಯ ಅಳಿವೆ ಇದರ ಜೊತೆಗೂಡಿದವು. ಸಂತೋಷದ ವಿಷಯವೇ. ಆದರೆ ಪಟ್ಟಿಯಲ್ಲಿ ಹೆಸರು ಬರೆದ ಮಾತ್ರಕ್ಕೆ ಮರಿಗೆ ಮೀನು ಸಿಗದು.

ಇನ್ನು ಹೋಗುವವರಿಗೆ ನಾಲ್ಕು ಮಾತು. ಫೆಬ್ರವರಿಯಿಂದ ಮೇ ತಿಂಗಳವರೆಗೆ ಗೂಡುಗಳಲ್ಲಿ ಮರಿಗಳನ್ನು ಕಾಣಬಹುದು. ಚಳಿಗಾಲದಲ್ಲಿ ವಲಸೆಯ ಹಕ್ಕಿಗಳನ್ನು ನೋಡಬಹುದು. ಮಳೆಗಾಲದಲ್ಲಿ ಹೊರಡುವ ಮುನ್ನ ದೋಣಿ ನಡೆಯುತ್ತಿದೆಯೇ ಎಂದು ವಿಚಾರಿಸಿಕೊಳ್ಳಿ. ಬೆಳಿಗ್ಗೆ ಬೇಗ ಹೋಗುವುದು ಮೇಲು. ಬಿಸಿಲೂ ಕಡಿಮೆ, ಜನಸಂದಣಿಯೂ ಕಡಿಮೆ. ಭಾನುವಾರವನ್ನು ಬಿಟ್ಟರೆ ಇನ್ನೂ ಒಳ್ಳೆಯದು. ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬೇಡ. ಒಂದು ದುರ್ಬೀನು ಇದ್ದರೆ ಮನೆಮಂದಿಗೆಲ್ಲ ಸಾಕು. ಸರದಿಯ ಜಗಳವನ್ನು ಮಾತ್ರ ಅಜ್ಜಿಗೆ ಒಪ್ಪಿಸಿ. ದೋಣಿಯ ಅಂಚಿನಿಂದ ಕೈ ಹೊರಗೆ ಚಾಚಬಾರದು. ಕಾವಲುಗಾರನ ವಿಷಯ ಆಗಲೇ ಹೇಳಿದ್ದೇನೆ. ಮಂಗಗಳಿಗೆ ಚಕ್ಕುಲಿ ಕೋಡುಬಳೆ ಕೊಟ್ಟು ಪುಣ್ಯ ಕಟ್ಟಿಕೊಳ್ಳಬೇಡಿ. ಬುತ್ತಿಯ ಪ್ಲಾಸ್ಟಿಕ್ ಚೀಲ ನಿಮ್ಮೊಡನೆಯೇ ವಾಪಸು ಬರಲಿ. 'ಇನ್ನೂ ಹತ್ತಿರಕ್ಕೆ ಬಿಡಿ' ಎಂದು ಅಂಬಿಗರನ್ನು ಕಾಡಬೇಡಿ, ಹಕ್ಕಿ ಹಾರಲೆಂದು ಚಪ್ಪಾಳೆ ತಟ್ಟುವ ಮಹಾಶಯರು ದೋಣಿಯಲ್ಲಿದ್ದರೆ ವಿನಯದಿಂದ ತಡೆಯಿರಿ.

ಸಾಮಾನ್ಯವಾಗಿ ನಾವು ಪ್ರವಾಸದ ಲೆಕ್ಕವನ್ನು ಎಲ್ಲೆಲ್ಲಿ ಕಾಲಿಟ್ಟೆವು ಎಂಬುದರಿಂದ ಹಾಕುತ್ತೇವೆ. ರಂಗನತಿಟ್ಟಿನ ಲೆಕ್ಕ ಬೇರೆ. ದೋಣಿ ಒಂದು ಸುತ್ತು ಹಾಕಿ ದಡ ಸೇರುವ ತನಕ, ನಿಮ್ಮಿಂದಾಗಿ ಒಂದು ಹಕ್ಕಿಯೂ ಗೂಡು ಬಿಟ್ಟು ಏಳಲಿಲ್ಲವೆಂದರೆ, ನೀವು ಆ ದ್ವೀಪವನ್ನು ಚೆನ್ನಾಗಿ ನೋಡಿದಿರಿ ಎಂದು ತಿಳಿಯಿರಿ. ಈ ರಜೆಯಲ್ಲಿ ಹೋಗಿ ಬನ್ನಿ. ಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗಿ.